ಚೊಣಕಕ್ಕೆ ಬೇಕಾದ ಎರೆ, ಸಾಹೇಬರಿಗೆ ಬೇಕಾದ ಎರೆ

ಕಾರವಾರದ ಕೋಡಿಬಾಗದ ಬಂಗ್ಲೆಯ ದೋಣಿಗೆ ಈ ವರ್ಷ ಇಬ್ಬರು ಹೊಸದಾಗಿ ಸೇರಿದ್ದಾರೆ. ಹೋದ ವಾರ ನನ್ನಲ್ಲಿಗೆ ಬಂದು, "ಎರೆ ಆರಿಸೂ ಕೆಲಸ ಹೆಂಗೆ, ಸ್ವಲ್ಪ ಹೇಳಿ" ಎಂದರು. ಬಂದದ್ದು ಮಧ್ಯಾಹ್ನ ಒಂದೂವರೆಗೆ. ಆ ಹೊತ್ತಿಗೆ ನಾನು ಮಲಗುತ್ತೇನೆ. ಮೂರಕ್ಕೆ ಬನ್ನಿ ಎಂದೆ. ಮೂರೂಕಾಲಿಗೆ ಬಂದರು. ಸಮುದ್ರದ ಭರತಿ ಯಾರಿಗಾಗಿಯೂ ಹದಿನೈದು ನಿಮಿಷ ತಡೆದು ನಿಂತದ್ದನ್ನು ನಾನು ಕಂಡಿಲ್ಲ. ಇಂಥವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ಬರೆದಿಡುತ್ತಿದ್ದೇನೆ. ಅವರಿಗೆ ಬಿಡುವಾದಾಗ ಓದಿಕೊಳ್ಳಲಿ. ಬಿಡುವು ಅವರಿಗೆ ಬಹಳ ಇರುವಂತೆ ಕಂಡಿತು.

ಬಡ್ತಿಗಳ ವಿಷಯ ಬಿಡುತ್ತೇನೆ. ಖಲಾಸಿಯಾಗಿ ಸೇರಿ ತಾಂಡೇಲನಾಗಿ, ಅಂದರೆ ದೋಣಿಯ ಮುಖ್ಯಸ್ಥನಾಗಿ, ನಿವೃತ್ತನಾದೆ. ನನ್ನ ಮುಂದಿದ್ದವರು ಒಬ್ಬೊಬ್ಬರಾಗಿ ಮುದುಕರಾದರು, ನಾನು ಮೇಲೆ ಹೋದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬಂಗ್ಲೆ ಯಾವ ಖಾತೆಯದು ಎಂಬುದೂ ಇಲ್ಲಿ ಬೇಡ. ಸರಕಾರದ್ದು ಎಂದರೆ ಸಾಕು.

ಕೆಲಸ ಇದು. ಮೂವತ್ತರ ದಶಕದಲ್ಲಿ ನಮ್ಮ ದೊಡ್ಡ ಸಾಹೇಬರಿಗೆ ಚೊಣಕ ಹಿಡಿಯುವ ಹುಚ್ಚು. ಚೊಣಕ ಎಂದರೆ ಕಾಳಿ ಹೊಳೆಯ ಅಳಿವೆಯಲ್ಲಿ, ಸಿಹಿನೀರು ಉಪ್ಪುನೀರು ಕೂಡುವಲ್ಲಿ, ಕಲ್ಲಿನ ಮರೆಯಲ್ಲಿ ನಿಂತು ಬೇಟೆಯಾಡುವ ದೊಡ್ಡ ಬಾಯಿಯ ಮೀನು. ಅದು ಸತ್ತದ್ದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗಾಳಕ್ಕೆ ಸಿಕ್ಕಿಸಿದ ಎರೆ ಕಣ್ಣೆದುರು ಒದ್ದಾಡುತ್ತಿದ್ದರೆ ಮಾತ್ರ "ಥಪ್" ಎಂದು ಬಾಯಿ ತೆರೆದು ಒಳಗೆಳೆದುಕೊಳ್ಳುತ್ತದೆ. ಸಾಹೇಬರಿಗೆ ಹಿಂದುಸ್ತಾನಿಯಲ್ಲಿ ಬರುತ್ತಿದ್ದುದು ಎರಡೇ ಮಾತು: "ಜಿಂದಾ ಮಂಗತಾ", ಅಂದರೆ ಜೀವಂತ ಬೇಕು, ಮತ್ತು "ಗಧಾ", ಅಂದರೆ ಕತ್ತೆ. ಎರೆ ಜೀವಂತವಾಗಿದ್ದರೆ ಮೊದಲನೆಯದರಲ್ಲೇ ಮುಗಿಯುತ್ತಿತ್ತು. ಸತ್ತಿದ್ದರೆ ಎರಡನೆಯದೂ ಬರುತ್ತಿತ್ತು. ಮೀನು ಹಿಡಿಯುವುದು ಸಾಹೇಬರ ಕೆಲಸ. ಗಡಿಗೆಯೊಳಗಿನ ಜೀವ ಕಾಯುವುದು ನಮ್ಮದು. ಹಿಡಿದ ಮೀನಿನ ಜೊತೆ ಫೋಟೋ ತೆಗೆಸಿಕೊಂಡವರು ಅವರು. ಎರೆಯ ಜೊತೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ, ಹೊಸಬರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಆಗಿನ ತಾಂಡೇಲ ಪುರ್ಸು. ಮನೆಯಲ್ಲಿ ಕೊಂಕಣಿ ಆಡುವವನು, ನಮ್ಮೊಡನೆ ಕನ್ನಡ. ನಾನು ಬೆಳಂಬಾರದವನು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಇಪ್ಪತ್ತರ ಪ್ರಾಯ. ಮೊದಲ ದಿನ ಅವನು ನನ್ನ ಅಂಗೈ ಬಿಚ್ಚಿಸಿ ಅದರ ಮೇಲೆ ಒಂದು ಸಿಗಡಿ ಇಟ್ಟ. ನಮ್ಮ ಕಡೆ ಆಡುಮಾತಿನಲ್ಲಿ ಅದನ್ನು ಶೆಟ್ಲಿ ಎನ್ನುತ್ತೇವೆ.

"ಒದೀತಾ?"

"ಒದೀತು."

"ಎಷ್ಟು ಸಲ?"

"ಒಂದು."

"ಹಂಗಾರೆ ಅದು ಸಾರಿಗೆ. ಎರಡು ಸಲ ಒದ್ದದ್ದು ಗಾಳಕ್ಕೆ. ಮೂರು ಸಲ ಒದ್ದದ್ದು ಸಾಹೇಬರಿಗೆ. ಒದೀದೇ ಇದ್ದದ್ದು ನಿನ್ನಂಥದ್ದು, ಸರಕಾರಿ ನೌಕರಿಗೆ."

ಅವನು ಕಲಿಸಿದ್ದು ಇಷ್ಟು. ಮೀಸೆ ಎರಡೂ ಪೂರ್ತಿ ಇರಬೇಕು. ಮೈ ಗಾಜಿನಂತೆ ತಿಳಿಯಾಗಿರಬೇಕು, ಬೆಳ್ಳಗಾಗಿದ್ದರೆ ಅದು ಹೋಗುವ ಹಾದಿಯಲ್ಲಿದೆ. ಆಗಷ್ಟೇ ಪೊರೆ ಬಿಟ್ಟು ಮೆತ್ತಗಾದದ್ದು ಬೇಡ, ನೋಡಲು ಚೆಂದ, ಗಾಳಕ್ಕೆ ಚುಚ್ಚಿದರೆ ಹರಿಯುತ್ತದೆ. ಗಡಿಗೆಯ ತಳದಲ್ಲಿ ಮಗ್ಗುಲಾಗಿ ಮಲಗಿದ್ದನ್ನು ಕೂಡಲೇ ತೆಗೆಯಬೇಕು, ಒಂದು ಸತ್ತರೆ ಉಳಿದವೂ ಅದರ ಹಿಂದೆ ಹೊರಡುತ್ತವೆ. ಗಾಳವನ್ನು ತಲೆಯ ಮೇಲಿನ ಗರಗಸದಂಥ ಕೊಂಬಿನ ಬುಡದಲ್ಲಿ ದಾಟಿಸಬೇಕು. ಅದರ ಹಿಂದೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಮುಳ್ಳು ಅದಕ್ಕೆ ತಾಗಿದರೆ ಮುಗಿಯಿತು. ಆ ಚುಕ್ಕೆಯಿಂದ ಒಂದು ಸಾಸಿವೆಯಷ್ಟು ಆಚೆಗೆ ಚುಚ್ಚಲು ನನಗೆ ಎರಡು ತಿಂಗಳು ಹಿಡಿಯಿತು. ಈಗ ಬಂದವರು ಎರಡು ದಿನದಲ್ಲಿ ಕಲಿತೆವು ಎನ್ನುತ್ತಾರೆ. ಸಿಗಡಿಗಳನ್ನು ಕೇಳಬೇಕು.

ನನ್ನ ಮೊದಲ ತಪ್ಪು ಇದರಲ್ಲಲ್ಲ, ನೀರಿನಲ್ಲಿ. ಸಿಗಡಿಗೆ ಬಾಯಾರಿಕೆಯಾದೀತೆಂದು ಗಡಿಗೆಗೆ ಬಂಗ್ಲೆಯ ಬಾವಿಯ ಸಿಹಿನೀರು ಸುರಿದೆ. ಅರ್ಧ ತಾಸಿನಲ್ಲಿ ಮೂವತ್ತೂ ಮಲಗಿದವು. ಪುರ್ಸು ಬಂದು ನೋಡಿ, "ಅರೇ ಬಾಬಾ, ಸಕ್ಕರೆ ಹಾಕೂಕೆ ಮರ್ತ್ಯಾ?" ಎಂದ. ಆಮೇಲೆ ನೀರನ್ನು ನಾಲಿಗೆಗೆ ತಾಗಿಸಿ ಉಪ್ಪು ನೋಡುವುದನ್ನು ಕಲಿಸಿದ. ಸಿಗಡಿ ಬೆಳೆದ ನೀರಿನ ಉಪ್ಪು ಕಡಿಮೆ, ಅಳಿವೆಯ ನೀರಿನ ಉಪ್ಪು ಹೆಚ್ಚು. ಒಂದರಿಂದ ಇನ್ನೊಂದಕ್ಕೆ ತಂಬಿಗೆ ತಂಬಿಗೆಯಾಗಿ ದಾಟಿಸಬೇಕು.

ನಮ್ಮ ಸಿಗಡಿ ಬರುತ್ತಿದ್ದುದು ಅಂಕೋಲೆ ತಾಲೂಕಿನ ಹಟ್ಟಿಕೇರಿಯಿಂದ. ಅಲ್ಲಿ ಗಜನಿ ಇದೆ, ಅಂದರೆ ಹೊಳೆಬದಿಯ ತಗ್ಗು ಗದ್ದೆ, ಭರತಿಯ ಉಪ್ಪುನೀರು ಅಲ್ಲಿಯವರೆಗೂ ಬರುತ್ತದೆ. ಗದ್ದೆಗೆ ಮಣ್ಣಿನ ಕಟ್ಟೆ, ಕಟ್ಟೆಗೆ ಒಂದು ತೂಬು, ತೂಬಿಗೆ ಮರದ ಹಲಗೆಗಳು. ಹೊತ್ತುಹೊತ್ತಿಗೆ ಹಲಗೆ ಹಾಕಿ ತೆಗೆಯುವ ಕೆಲಸ ಬೀರಕ್ಕನದು. ಗಂಡ ತೀರಿಕೊಂಡ ಮೇಲೆ ಗದ್ದೆಯವರು ಆ ಕೆಲಸವನ್ನು ಅವಳಿಗೇ ಬಿಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಇಳಿತದ ನೀರಿನೊಡನೆ ತೂಬಿನ ಬಾಯಿಗೆ ಬಂದ ಸಿಗಡಿ ಅವಳದು. ಬುಟ್ಟಿಯಲ್ಲಿ ಹೊತ್ತು ಅಂಕೋಲೆ ಪೇಟೆಯಲ್ಲಿ ಮಾರುತ್ತಿದ್ದಳು. ಎರಡು ಹೆಣ್ಣುಮಕ್ಕಳು. ಬೇರೆ ಆಧಾರವಿರಲಿಲ್ಲ. ಇದಕ್ಕೆಲ್ಲ ಕಾಗದವೂ ಇರಲಿಲ್ಲ, ಊರಿನವರ ಬಾಯಿಮಾತೇ ಕಾಗದ.

ಆ ತೂಬಿನ ಸಿಗಡಿಗೆ ಸಮನಾದದ್ದನ್ನು ನಾನು ಇಂದಿಗೂ ಕಂಡಿಲ್ಲ. ಬಲೆ ಎಳೆದು ಹಿಡಿದ ಸಿಗಡಿಯ ಮೀಸೆ ಮುರಿದಿರುತ್ತದೆ. ಅವಳ ತೂಬಿನಲ್ಲಿ ನೀರಿನ ಜೊತೆಗೇ ತಾವಾಗಿ ಬಂದು ಚೀಲದಂಥ ಬಲೆಯಲ್ಲಿ ಕೂರುತ್ತಿದ್ದವು. ವಾರಕ್ಕೆ ಎರಡು ದಿನ ನಾನು ಹೋಗುತ್ತಿದ್ದೆ. ಅವಳು ಬುಟ್ಟಿ ಮುಂದಿಟ್ಟು, "ಆರ್ಸ್ಕೊ ತಮಾ, ಹೆಣ್ಣು ನೋಡೂಕೆ ಬಂದವರ ಹಂಗೆ ಮಾಡ್ಬೇಡ, ನಂಗೆ ಪೇಟೆಗೆ ಹೊತ್ತಾತದೆ" ಎನ್ನುತ್ತಿದ್ದಳು. ನಾನು ಎರಡು ಡಜನ್ ಆರಿಸುವಷ್ಟರಲ್ಲಿ ಅವಳು ಎರಡು ಸಲ ಎಲೆಯಡಿಕೆ ಹಾಕಿ ಮುಗಿಸುತ್ತಿದ್ದಳು.

ಅಲ್ಲಿಂದ ಕಾರವಾರಕ್ಕೆ ಸರ್ವಿಸ್ ಮೋಟಾರು. ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಕೂರುತ್ತಿದ್ದೆ. ಪಕ್ಕದವರು, "ಏನದು, ಅಸ್ಥಿಯಾ? ಗೋಕರ್ಣ ಆ ಬದಿಗಲ್ವಾ?" ಎಂದು ಕೇಳುವುದು ಪದ್ಧತಿಯಾಗಿತ್ತು. ಈಗ ಕಾರಖಾನೆ ಎದ್ದಿರುವ ಬಿಣಗಾದ ಹತ್ತಿರ ಆಗಿನ ರಸ್ತೆ ಎಂಥದ್ದೆಂದರೆ ಗಡಿಗೆಯ ನೀರು ಅರ್ಧ ನನ್ನ ಪಂಚೆಗೆ. ಆದರೆ ಒಂದು ವಿಷಯ ಗಮನಿಸಿದೆ. ಎಷ್ಟು ಕುಲುಕುತ್ತಿತ್ತೋ ಅಷ್ಟು ಸಿಗಡಿ ಚುರುಕು. ಸಾಹೇಬರು ಒಮ್ಮೆ ದಯೆತೋರಿ ತಮ್ಮ ಮೆತ್ತನೆ ಕಾರು ಕಳಿಸಿದಾಗ ಒಂಬತ್ತು ಸತ್ತವು. ನೀರು ಅಲುಗದಿದ್ದರೆ ಅವಕ್ಕೆ ಉಸಿರಿಲ್ಲ. ಇದನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ: ದಿನ, ಭರತಿಯ ಹೊತ್ತು, ಎರೆ ಯಾವುದು, ಎಲ್ಲಿಯದು, ಎಷ್ಟು ಬದುಕಿತು, ಎಷ್ಟು ಚೊಣಕ ಬಿತ್ತು. ಅಕ್ಷರ ದುಂಡಗೆ, ಗೆರೆ ನೇರ. ಯಾರೂ ಬರೆ ಎಂದಿರಲಿಲ್ಲ. ಅಭ್ಯಾಸ. ಆ ಪುಸ್ತಕದ ಬಗ್ಗೆ ನನಗೆ ಬಹಳ ಅಭಿಮಾನವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಮೇಲಿನವರ ವಿಷಯ. ಬಂಗ್ಲೆಯ ಕಚೇರಿಗೆ ಹಿರಿಯ ಕಾರಕೂನರಾಗಿ ಭೀಮರಾಯರು ಬಂದರು. ಘಟ್ಟದ ಮೇಲಿನವರು, ಧಾರವಾಡ ಸೀಮೆ. ಅವರ ಮನೆಯಲ್ಲಿ ಊಟದ ಹೊತ್ತಿಗೆ ಮೀನು ಎಂಬ ಮಾತನ್ನೂ ಆಡುವಂತಿರಲಿಲ್ಲ. ಇಂಥವರನ್ನು ಎರೆಯ ಮೇಲ್ವಿಚಾರಣೆಗೆ ನೇಮಿಸಿದರು. ತಿನ್ನುವ ಆಸೆ ಇಲ್ಲದವರು ಕದಿಯುವುದಿಲ್ಲ ಎಂದು ಎಣಿಸಿರಬೇಕು. ಕೆಟ್ಟ ಮನುಷ್ಯರಲ್ಲ. ಬರೆಯುವುದು ಬಿಟ್ಟರೆ ಯಾರಿಗೂ ತೊಂದರೆ ಕೊಟ್ಟವರಲ್ಲ.

ಬಂದ ಮರುವಾರವೇ ನಮ್ಮ ಮಣ್ಣಿನ ಗಡಿಗೆ ಅವರ ಕಣ್ಣಿಗೆ ಬಿತ್ತು.

"ಏನಪಾ ಗಣಪಾ, ಸರಕಾರದ ದೋಣಿಯೊಳಗ ಮಡಿಕಿ ಇಟಗೊಂಡು ಕೂತೀರಿ? ಸಾಹೇಬರ ಮುಂದ ನಮ್ಮ ಮಾನಾ ಉಳೀತದೇನು?"

ಒಂದು ತಾಮ್ರದ ಹಂಡೆ ತರಿಸಿದರು. ಹುಣಸೆಹಣ್ಣು ಹಚ್ಚಿ ತಿಕ್ಕಿಸಿದರು. ಬಿಸಿಲಿಗೆ ಹಿಡಿದರೆ ಆಚೆ ದಡದ ಸದಾಶಿವಗಡದಲ್ಲಿ ನಿಂತವರೂ ಕಣ್ಣು ಮುಚ್ಚಬೇಕು, ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಬಿಟ್ಟ ಸಿಗಡಿ ಒಂದೂ ಉಳಿಯಲಿಲ್ಲ. ಮರುದಿನವೂ ಉಳಿಯಲಿಲ್ಲ. ತಾಮ್ರ ಅವಕ್ಕೆ ವಿಷ. ಪುರ್ಸುವಿಗೆ ಅದು ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕೇಳ್ಲಿಲ್ವಲಾ" ಎಂದ. ರಾಯರು ಹಂಡೆಯೊಳಗೆ ಇಣುಕಿ, "ಹಟ್ಟಿಕೇರಿ ಮಾಲೇ ಸರಿಯಿಲ್ಲ, ನಾಜೂಕು ಭಾಳ" ಎಂದು ತೀರ್ಮಾನಿಸಿದರು. ಮೂರನೆಯ ದಿನ ಸಾಹೇಬರು "ಗಧಾ" ಎಂದರು. ಯಾರನ್ನು ನೋಡಿ ಎಂದರು ಎಂಬುದು ಸ್ಪಷ್ಟವಾಗಲಿಲ್ಲ, ರಾಯರೂ ನಾನೂ ಒಂದೇ ಸಾಲಿನಲ್ಲಿ ನಿಂತಿದ್ದೆವು. ಸಂಜೆಗೆ ಗಡಿಗೆ ದೋಣಿಗೆ ಮರಳಿತು. ಹಂಡೆ ಸ್ನಾನದ ಮನೆಗೆ ಹೋಯಿತು, ಯಾರ ಸ್ನಾನದ ಮನೆಗೆ ಎಂಬುದನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ.

ಒಬ್ಬ ಹೆಂಗಸಿನ ಹತ್ತಿರ ಬಾಯಿಮಾತಿನ ಮೇಲೆ ಸರಕಾರ ಸಿಗಡಿ ತರಿಸುವುದು ರಾಯರಿಗೆ ಸೇರಲಿಲ್ಲ. ಕಾಗದದ ಮೂಲಕ, ಪಟೇಲರ ಮೂಲಕ ಬರಬೇಕು. ಸಾಹೇಬರ ಇಂಗ್ಲಿಷ್ ಚೀಟಿಯಲ್ಲಿ ಜೀವಂತ ಎರೆ ಎರಡು ಡಜನ್ ಎಂದಷ್ಟೇ ಇತ್ತು. ರಾಯರ ಊರಿನಲ್ಲಿ ಎರೆ ಎಂದರೆ ಹೊಲದ ಕರಿಮಣ್ಣು, ಇಲ್ಲವೇ ಎರೆಹುಳ. ಮಣ್ಣಿಗೆ ಜೀವವಿಲ್ಲ, ಹುಳದ ಮಾತು ಸರಕಾರಿ ಪತ್ರಕ್ಕೆ ಶೋಭಿಸದು. ಬಹಳ ಯೋಚಿಸಿ, "ಸಜೀವ ಆಮಿಷ, ಎರಡು ಡಜನ್, ಸುಸ್ಥಿತಿಯಲ್ಲಿ ರವಾನಿಸತಕ್ಕದ್ದು" ಎಂದು ಬರೆದು ಹಟ್ಟಿಕೇರಿಯ ಪಟೇಲರಿಗೆ ಕಳಿಸಿದರು.

ಪಟೇಲರು ಹೆಚ್ಚು ಓದಿದವರಲ್ಲ, ಆದರೆ ಹರಿಕಥೆ ಬಹಳ ಕೇಳಿದವರು. ನಿರಾಮಿಷ ಎಂದರೆ ಮಾಂಸವಿಲ್ಲದ್ದು ಎಂದು ಅವರಿಗೆ ಗೊತ್ತು. ಹಾಗಾದರೆ ಆಮಿಷ ಎಂದರೆ ಮಾಂಸ. ಸಜೀವ ಆಮಿಷ ಎಂದರೆ ಇನ್ನೂ ಜೀವವಿರುವ ಮಾಂಸ. ತರ್ಕದಲ್ಲಿ ತಪ್ಪು ಹುಡುಕಲು ನನಗೆ ಇಂದಿಗೂ ಆಗಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂಗ್ಲೆಯ ಮುಂದೆ ಎತ್ತಿನ ಗಾಡಿ ನಿಂತಿತು. ಅದರಲ್ಲಿ ಕಾಲು ಕಟ್ಟಿದ ಇಪ್ಪತ್ನಾಲ್ಕು ಕೋಳಿ. ದಾರಿಯಲ್ಲಿ ಸತ್ತರೆ ಇರಲಿ ಎಂದು ಎರಡು ಹುಂಜ ಹೆಚ್ಚಿಗೆ.

ಗಾಡಿಯವನು, "ಎಲ್ಲಾ ಸುಸ್ಥಿತಿಯಾಗೇ ಅವೆ ಒಡೆಯಾ, ಎಣಿಸ್ಕೊಳ್ಳಿ" ಎಂದ.

ರಾಯರು ಶಾಲಿನ ತುದಿಯಿಂದ ಮೂಗು ಮುಚ್ಚಿಕೊಂಡು, "ಇವನ್ನ ಗಾಳಕ್ಕ ಹೆಂಗ ಹಾಕತೀರೋ ಮಾರಾಯಾ?" ಎಂದು ನನ್ನನ್ನೇ ಕೇಳಿದರು. ಎರಡು ಗಳಿಗೆ ಅವರು ನಿಜವಾಗಿಯೂ ನಂಬಿದ್ದರು, ಚೊಣಕ ಅಷ್ಟು ದೊಡ್ಡದೆಂದು.

ಸಾಹೇಬರು ವರಾಂಡಕ್ಕೆ ಬಂದು ನೋಡಿ ನಕ್ಕರು. ಆ ನಗೆಯಿಂದಲೇ ಅನರ್ಥ ಶುರುವಾಯಿತು. ನಗಿಸಿಕೊಂಡ ಕಾರಕೂನ ಸುಮ್ಮನೆ ಕೂರುವುದಿಲ್ಲ. ಇನ್ನು ಮುಂದೆ ಎರೆಯ ಸರಬರಾಜಿನಲ್ಲಿ ತಪ್ಪೇ ಆಗಬಾರದೆಂದು ರಾಯರು ಹಟ ತೊಟ್ಟರು. ನನ್ನನ್ನು ಕರೆದು ಕೇಳಿದರು.

"ಯಾವ ಎರಿಗೆ ಹೆಚ್ಚು ಮೀನ ಬೀಳತಾವ? ಖರೇ ಹೇಳು."

ನಾನು ಬಾಯಲ್ಲಿ ಹೇಳುವ ಬದಲು ನನ್ನ ಪುಸ್ತಕ ತಂದು ಮುಂದಿಟ್ಟೆ. ಅವರು ಹಾಳೆ ತಿರುವಿದರು. ಬಿದ್ದ ಚೊಣಕದ ಎದುರಿಗೆಲ್ಲ ಒಂದೇ ಮಾತು: ಹಟ್ಟಿಕೇರಿ ತೂಬು, ಬೀರಕ್ಕ. ಹಟ್ಟಿಕೇರಿ ತೂಬು, ಬೀರಕ್ಕ. ರಾಯರು ಕಣ್ಣರಳಿಸಿ, "ಶಾಬಾಸ್! ಎಷ್ಟು ಚಂದ ಬರದೀಯೋ!" ಎಂದರು. ಹದಿನೆಂಟು ತಿಂಗಳಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಮನೆಗೆ ಹೋಗುವಾಗ ಕಾಲು ನೆಲಕ್ಕೆ ತಾಗಲಿಲ್ಲ.

ನಾಲ್ಕು ದಿನದಲ್ಲಿ ಹುಕುಮಿನ ಕರಡು ತಯಾರಾಯಿತು. ಹಟ್ಟಿಕೇರಿಯ ಸದರಿ ತೂಬನ್ನು ಸರಕಾರಿ ಎರೆಗಾಗಿ ಕಾದಿಡಲಾಗಿದೆ, ಖಾಸಗಿಯವರು ಅಲ್ಲಿ ಬಲೆ, ಬುಟ್ಟಿ ಇಡಕೂಡದು, ಕಾಯಲು ಒಬ್ಬ ಸಿಪಾಯಿ. ಸಾಹೇಬರ ಸಹಿ ಒಂದು ಬಾಕಿ. ಕರಡಿಗೆ ಆಧಾರವಾಗಿ ನನ್ನ ಪುಸ್ತಕವನ್ನೇ ಲಗತ್ತಿಸಿದ್ದರು, ಕೆಂಪು ದಾರ ಕಟ್ಟಿ.

ಸುದ್ದಿ ನನಗಿಂತ ಮೊದಲು ಹಟ್ಟಿಕೇರಿ ಮುಟ್ಟಿತ್ತು. ಮುಂದಿನ ಸಲ ಹೋದಾಗ ಬೀರಕ್ಕ ಬುಟ್ಟಿ ಮುಂದಿಡಲಿಲ್ಲ. ಸೊಂಟಕ್ಕೆ ಕೈಕೊಟ್ಟು ತೂಬಿನ ಮೇಲೆ ನಿಂತಿದ್ದಳು.

"ಬಂದ್ಯಾ ಸರಕಾರ? ನನ್ನ ಹೆಸರು ಪುಸ್ತಕದಾಗೆ ಹಾಕೀದ್ಯಂತಲಾ, ಸಾಹೇಬರು ಓದ್ತ್ರಂತಲಾ. ನಮ್ಮವ್ವಿ ಬದುಕಿದ್ರೆ ಕೊಬ್ರಿ ಹಂಚ್ತಿತ್ತು."

"ಬೀರಕ್ಕ, ನಾ ಹಂಗೆ ಅಂದ್ಕಂಡು ಬರೀಲಿಲ್ಲ."

"ಹೆಂಗೆ ಅಂದ್ಕಂಡು ಬರ್ದೆ? ಶೆಟ್ಲಿ ಒದೀತದೋ ಇಲ್ವೋ ನೋಡೂಕೆ ಅರ್ಧ ತಾಸು ಬೇಕು ನಿಂಗೆ. ನಾ ಒದೀತ್ನೋ ಇಲ್ವೋ ನೋಡೂಕೆ ಅರ್ಧ ಗಳಿಗೆ ಪುರಸೊತ್ತು ಸಿಗ್ಲಿಲ್ವಾ?"

ನಾನು ಗಡಿಗೆಯನ್ನು ಕಟ್ಟೆಯ ಮೇಲಿಟ್ಟೆ.

"ಹಲಗೆ ಹಾಕೂದ್ಯಾರು ಆಮೇಲೆ? ನಿಮ್ಮ ಸಿಪಾಯಿಯಾ? ಹುಣ್ಣಿಮೆ ಭರತಿ ಬಂದ್ರೆ ಅಂವ ಸಲಾಂ ಹೊಡೀತ್ನಾ ಅದ್ಕೆ?" ಎಂದಳು. ಆಮೇಲೆ ದನಿ ಇಳಿಸಿ, "ಹೋಗ್ಲಿ, ನಿಂಗೆ ಹೇಳಿ ಏನಾತು. ಎರಡು ಕೂಸು ಕಟ್ಕಂಡು ನಾ ಎಲ್ಲಿ ಹೋಗ್ಲಿ, ಅದನ್ನೂ ಬರ್ದಿಟ್ಕೊ, ಚಂದ ಅಕ್ಷರದಾಗೆ" ಎಂದಳು.

ಆ ದಿನ ನಾನು ಖಾಲಿ ಗಡಿಗೆ ತಂದೆ. ಮೋಟಾರಿನಲ್ಲಿ ಅಸ್ಥಿಯಾ ಎಂದು ಯಾರೂ ಕೇಳಲಿಲ್ಲ, ಮುಖ ನೋಡಿ ಸುಮ್ಮನಾಗಿರಬೇಕು.

ಹುಕುಮನ್ನು ತಡೆದದ್ದು ಸಾಹೇಬರ ಒಂದು ಪ್ರಶ್ನೆ. ಪುಸ್ತಕವನ್ನು ರಾಯರಿಂದ ಇಂಗ್ಲಿಷಿನಲ್ಲಿ ಹೇಳಿಸಿಕೊಂಡು, ಶೇವಟೆ ಮರಿಯ ಪರೀಕ್ಷೆ ಯಾಕೆ ಮಾಡಿಲ್ಲ ಎಂದು ಕೇಳಿದರು. ಶೇವಟೆ ಎಂದರೆ ಬೆಳ್ಳಗಿನ, ದುಂಡು ಮೈಯ ಮೀನು. ಅದರ ಮರಿಗಳು ಬಂಗ್ಲೆಯ ಮುಂದಿನ ನೀರಿನಲ್ಲೇ ಮಂದೆ ಮಂದೆಯಾಗಿ ಆಡುತ್ತಿದ್ದವು, ಕೈಬಲೆ ಬೀಸಿದರೆ ಸಾಕು. ಚೊಣಕ ಅದನ್ನೂ ತಿನ್ನುತ್ತದೆ. ಅಷ್ಟು ಸುಲಭವಾಗಿ ಸಿಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಎರಡನ್ನೂ ಹಾಕಿ ನೋಡುವುದು, ಸಿಗಡಿ ಗೆದ್ದರೆ ಸಹಿ, ಎಂದು ಸಾಹೇಬರು ಅಪ್ಪಣೆ ಮಾಡಿದರು.

ಸಿಗಡಿ ಗೆಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಪುರ್ಸುವಿಗೂ ಗೊತ್ತಿತ್ತು. ಬೀರಕ್ಕನಿಗೂ ಗೊತ್ತಿತ್ತು. ಶನಿವಾರ ನಾನು ಹೋದಾಗ ಅವಳು ಬುಟ್ಟಿಯನ್ನು ನನ್ನ ಗಡಿಗೆಗೆ ಬಗ್ಗಿಸಿದಳು. ಆರಿಸಲು ಬಿಡಲಿಲ್ಲ.

ಭಾನುವಾರ ಏಳಕ್ಕೆ ಸರಿಯಾಗಿ ದೋಣಿ ಬಿಟ್ಟೆವು. ಮುಂದೆ ಸಾಹೇಬರು, ನಡುವೆ ಕೊಡೆ ಬಿಚ್ಚಿಕೊಂಡು ರಾಯರು, ತೊಡೆಯ ಮೇಲೆ ಹುಕುಮಿನ ಕಾಗದ, ಜೇಬಿನಲ್ಲಿ ನಿಂಬೆಹಣ್ಣು. ಹಿಂದೆ ಪುರ್ಸು. ಎರೆ ಆರಿಸುವವನು ನಾನು. ಅದುವರೆಗೆ ಕಲಿತದ್ದನ್ನೆಲ್ಲ ಅಂದು ನಾನು ಬುಡಮೇಲು ಮಾಡಿ ಉಪಯೋಗಿಸಿದೆ. ತಳದಲ್ಲಿ ಮಗ್ಗುಲಾಗಿ ಮಲಗಿದ್ದನ್ನು ಎತ್ತಿದೆ. ಮೈ ಬೆಳ್ಳಗಾದದ್ದನ್ನು ಎತ್ತಿದೆ. ಪೊರೆ ಬಿಟ್ಟ ಮೆತ್ತನೆಯದನ್ನು ಎತ್ತಿದೆ. ಕೆಟ್ಟದ್ದನ್ನು ಆರಿಸುವುದಕ್ಕೂ ಅಷ್ಟೇ ಕಣ್ಣು ಬೇಕು ಎಂದು ಅಂದು ತಿಳಿಯಿತು. ಬೀರಕ್ಕ ಕೊಟ್ಟದ್ದರಲ್ಲಿ ಕೆಟ್ಟದ್ದು ಸಿಗುವುದೇ ಕಷ್ಟ, ಆರು ಸಿಗಲು ಹತ್ತು ನಿಮಿಷ ಬೇಕಾಯಿತು.

ಪುರ್ಸು ನೋಡುತ್ತಿದ್ದ.

"ಏನಾ, ಕಣ್ಣಿಗೆ ಪೊರೆ ಬಂತಾ?"

ಅವನು ನನ್ನ ಮುಖ ನೋಡಿದ, ರಾಯರ ತೊಡೆಯ ಕಾಗದ ನೋಡಿದ, ಗಾಳವನ್ನು ನನ್ನ ಕೈಯಿಂದ ತೆಗೆದುಕೊಂಡ. ಮೂವತ್ತು ವರ್ಷ ಒಮ್ಮೆಯೂ ತಪ್ಪದವನು ಮುಳ್ಳನ್ನು ಕಪ್ಪು ಚುಕ್ಕೆಯ ನಟ್ಟನಡುವೆ ಇಳಿಸಿದ. "ಹಿಂಗೆ ಚುಚ್ಬೇಕು. ಇನ್ನೂ ಕಲೀಲಿಲ್ಲ ನೀನು" ಎಂದು ರಾಯರಿಗೆ ಕೇಳಿಸುವಂತೆ ಬೈದ.

ಸತ್ತ ಸಿಗಡಿಗೆ ಚೊಣಕ ಬರಲಿಲ್ಲ. ಹೊಲಸು ತಿನ್ನುವ ಮೀಸೆಯ ಮೀನು ಬಂತು. ದೋಣಿಯೊಳಗೆ ಬಿದ್ದದ್ದೇ ಅದರ ಜಾತಿಯ ಅಭ್ಯಾಸದಂತೆ ಗೊರಗೊರ ಸದ್ದು ಮಾಡಿತು.

ರಾಯರು ಕಾಲು ಮೇಲೆತ್ತಿ, "ಏ, ಇದು ಮಾತಾಡತದಲ್ಲೋ!" ಎಂದರು.

"ಅರ್ಜಿ ಕೊಡ್ತದೆ ರಾಯರೇ" ಎಂದ ಪುರ್ಸು.

ಒಂದು ತಾಸಿನಲ್ಲಿ ಅಂಥವು ಐದು ಬಂದವು. ಒಂದು ನನ್ನ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಆ ಬೆರಳು ಮೂರು ದಿನ ಬದನೆಕಾಯಿಯಂತೆ ಊದಿತ್ತು. ತಕ್ಕದ್ದೇ ಆಯಿತೆಂದು ನಾನು ಅಂದುಕೊಂಡೆ. ಸಾಹೇಬರು ಆಗಲೇ ಮೂರು ಸಲ "ಗಧಾ" ಎಂದಿದ್ದರು.

ಆಮೇಲೆ ಶೇವಟೆ. ಅದಕ್ಕೆ ನನ್ನ ಪೂರ್ತಿ ವಿದ್ಯೆ ಬಳಸಿದೆ. ಅತ್ಯಂತ ಚುರುಕಾದ ಮರಿ, ಒದ್ದೆ ಕೈಯಲ್ಲಿ ಹಿಡಿದು ಮೇಲ್ದುಟಿಯ ಅಂಚಿನಲ್ಲಿ ಮಾತ್ರ ಮುಳ್ಳು. ಪುರ್ಸು ದೋಣಿಯನ್ನು ಕಲ್ಲಿನ ಆ ಮಗ್ಗುಲಿಗೆ ತಿರುಗಿಸಿದ, ಸಿಗಡಿಯ ಸರದಿಯಲ್ಲಿ ಅವನು ಹತ್ತಿರವೂ ಸುಳಿಯದಿದ್ದ ಮಗ್ಗುಲು ಅದು. "ಥಪ್" ಎಂದಿತು. ಅರ್ಧ ತಾಸು ಎಳೆದಾಡಿ ಸಾಹೇಬರು ಮೇಲೆತ್ತಿದ ಚೊಣಕ ರಾಯರ ಕೊಡೆಗಿಂತ ಉದ್ದವಿತ್ತು. ಅದು ಬಾಲ ಬಡಿದಾಗ ಹುಕುಮಿನ ಕಾಗದ ನೀರಿಗೆ ಹಾರಿತು. ಎತ್ತಿಕೊಳ್ಳಲೇ ಎಂದು ನಾನು ಸಾಹೇಬರನ್ನು ಕೈಸನ್ನೆಯಲ್ಲಿ ಕೇಳಿದೆ. ಅವರಿಗೆ ಕಾಗದದ ನೆನಪೇ ಇರಲಿಲ್ಲ.

ತೂಬು ಉಳಿಯಿತು. ಇಲ್ಲಿಗೆ ಮುಗಿಸಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು. ಆದರೆ ರಾಯರು ಮುಗಿಸಲಿಲ್ಲ. ಹುಕುಮನ್ನು ಕೈಬಿಟ್ಟದ್ದಕ್ಕೂ ಕಾಗದ ಬೇಕಲ್ಲ. ಪಟೇಲರಿಗೆ ಬರೆದರು: "ಸದರಿ ತೂಬಿನ ಸಿಗಡಿಯು ಮೀನುಗಳಿಗೂ ಸಹ ನಿರುಪಯುಕ್ತವೆಂದು ಸಮಕ್ಷಮ ಪರೀಕ್ಷೆಯಿಂದ ಸಿದ್ಧವಾದ ಕಾರಣ ಸರಕಾರವು ಅದನ್ನು ತ್ಯಜಿಸಿದೆ." ಕೋಳಿಯ ಪ್ರಸಂಗದ ನಂತರ ಪಟೇಲರು ಸರಕಾರಿ ಪತ್ರವನ್ನು ಒಬ್ಬರೇ ಓದುವುದನ್ನು ಬಿಟ್ಟಿದ್ದರು. ಚಾವಡಿಯಲ್ಲಿ ಹತ್ತು ಜನರನ್ನು ಕೂರಿಸಿ, ಗಟ್ಟಿಯಾಗಿ ಓದಿ, ಅರ್ಥ ಏನೆಂದು ಎಲ್ಲರನ್ನೂ ಕೇಳಿ ನಿಶ್ಚಯ ಮಾಡಿಕೊಂಡರು. ಈ ಸಲ ಅರ್ಥದಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಇದು ನನಗೆ ತಿಳಿದಿರಲಿಲ್ಲ. ಮುಂದಿನ ರಜೆಯ ದಿನ, ಶಾಬಾಸ್ ಎಂದಾಳೆಂಬ ನಿರೀಕ್ಷೆಯಲ್ಲಿ, ಒಗೆದ ಅಂಗಿ ಹಾಕಿಕೊಂಡು ಹಟ್ಟಿಕೇರಿಗೆ ಹೋದೆ. ಬೀರಕ್ಕ ಹಲಗೆ ಎತ್ತುತ್ತಿದ್ದಳು. ನನ್ನನ್ನು ಕಂಡು ಹಲಗೆಯನ್ನು ಕೈಯಲ್ಲೇ ಹಿಡಿದು ನೆಟ್ಟಗೆ ನಿಂತಳು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ನನ್ನ ಶೆಟ್ಲಿಗೆ ಚೊಣಕ ಮೂಸೂದಿಲ್ಲ ಅಂತ ಸಾಹೇಬರ ಮುಂದೆ ತೋರ್ಸಿದ್ದು ನೀನೇ ಹೌದಾ?"

"ನಿನ್ನ ತೂಬು ಉಳ್ಸೂಕೆ, ಬೀರಕ್ಕ. ಬೇಕಂತ್ಲೇ ಸತ್ತದ್ದು ಹಾಕ್ದೆ."

"ಸತ್ತದ್ದು ಎಲ್ಲಿತ್ತು ನನ್ನ ಬುಟ್ಟಿಯಾಗೆ?"

"ಹುಡುಕ್ದೆ."

"ಹುಡುಕ್ದೆ! ತೂಬು ಉಳೀತು, ಹೌದು. ಇಲ್ಲ ಅನ್ನೂದಿಲ್ಲ. ಅಂಕೋಲೆ ಪೇಟೆಯಾಗೆ ಹೋಗಿ ನಿಂತ್ಕೊ ಒಂದು ಸಲ. ಮೀನೂ ತಿನ್ನದ ಶೆಟ್ಲಿ ಬಂತು ಅಂತ ಹೇಳ್ತ್ರು. ಮೂರು ದಿನದ್ದು ಹಂಗೇ ತಿರುಗಿ ಬಂದದೆ. ಒಣಗ್ಸಿ ಹಾಕೀದೆ, ಅಲ್ಲಿ ನೋಡು."

ನೋಡಿದೆ. ಕಟ್ಟೆಯುದ್ದಕ್ಕೂ ಚಾಪೆಯ ಮೇಲೆ ಸಿಗಡಿ ಒಣಗುತ್ತಿತ್ತು. ಅಂಥ ಸಿಗಡಿಯನ್ನು ಒಣಗಿಸುವುದು, ಕೆಲಸ ಬಲ್ಲವನಿಗೆ, ನೋಡಲಾಗದ ದೃಶ್ಯ.

"ನಾ ಏನು ಮಾಡ್ಲಿ ಹೇಳು" ಎಂದೆ.

ಅವಳು ಹಲಗೆ ಕೆಳಗಿಟ್ಟು ಗುಡಿಸಲಿಗೆ ಹೋದಳು. ದೊಡ್ಡ ಮಗಳ ಕೈಯಲ್ಲಿ ಅನ್ನ, ತನ್ನ ಕೈಯಲ್ಲಿ ಸಿಗಡಿಯ ಸಾರು, ಎರಡನ್ನೂ ತಂದು ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ನಾಲ್ಕು ಕಡೆಯಿಂದಲೂ ಕಾಣುವಲ್ಲಿ ಇಟ್ಟಳು. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿದರು.

"ಕೂತ್ಕೊ. ನಿಮ್ಮ ಸರಕಾರಿ ಬಿಲ್ಲೆ ಪಟ್ಟಾ ಎಲ್ಲಿ?"

"ರಜೆ. ಹಾಕಲಿಲ್ಲ."

"ಇರ್ಲಿ, ಪುಸ್ತಕ ಇಟ್ಟವನು ಅಂತ ಗುರುತು ಎಲ್ಲರಿಗೂ ಅದೆ. ಉಣ್ಣು."

ಉಂಡೆ. ಗಜನಿಯ ಉಪ್ಪುನೀರಿನಲ್ಲೇ ಬೆಳೆಯುವ ಕಗ್ಗ ಭತ್ತದ ಕೆಂಪಕ್ಕಿ ಅನ್ನ, ಹುಳಿ ಮುಂದಾದ ಸಾರು. ಊಟದ ನಡುವೆ ನಾನು ಮಾತಾಡುವವನಲ್ಲ. ಮುಗಿಸಿ ಕೈ ತೊಳೆದೆ.

"ಹೆಂಗದೆ?"

"ಒಳ್ಳೇದದೆ, ಬೀರಕ್ಕ."

"ನಂಗೆ ಹೇಳೂದಲ್ಲ. ಎದ್ದು ನಿಂತು ಅವರಿಗೆ ಹೇಳು."

ಎದ್ದು ನಿಂತೆ. ಮಾತು ರಾಯರ ಕಿವಿಗೆ ಹೋದರೆ ನೌಕರಿ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಕಾಯಂ ಆಗಲು ಇನ್ನೂ ಆರು ತಿಂಗಳಿತ್ತು. ಬಾಯಿಗೆ ಎರಡೂ ಕೈ ಹಿಡಿದು, ಬೀರಕ್ಕನ ತೂಬಿನ ಶೆಟ್ಲಿಯಂಥ ಶೆಟ್ಲಿ ಕಾರವಾರದಿಂದ ಅಂಕೋಲೆಯವರೆಗೆ ಎಲ್ಲೂ ಇಲ್ಲ, ಪರೀಕ್ಷೆಯಲ್ಲಿ ಮೋಸ ಮಾಡಿದ್ದು ನಾನು ಎಂದು ಕೂಗಿದೆ. ಗದ್ದೆಯಲ್ಲಿ ಯಾರೋ ನಕ್ಕರು.

ಬೀರಕ್ಕ ತಟ್ಟೆ ಎತ್ತಿಕೊಳ್ಳುತ್ತ, ಪಕ್ಕದ ಊರಿನ ಕಡೆ ಮುಖ ಮಾಡಿ, "ಅವರ್ಸೆ ಬದಿಗೆ ಕೇಳ್ಲಿಲ್ಲ" ಎಂದಳು.

ನಾನು ಅವರ್ಸೆಯ ಕಡೆಗೆ ತಿರುಗಿ ಇನ್ನೊಂದು ಸಲ ಕೂಗಿದೆ.